ಉಪದೇಶಿ ಮಾಸ್ತರ ಭಾನುವಾರದ ತರಗತಿ: ಅದು ಬಂದ ದಾರಿ

ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ ಯಾವ ಊರಿನ ಚರ್ಚಿಗೆ ಹೋದರೂ ಈ ನೋಟ ಸಿಗುತ್ತದೆ. ದೊಡ್ಡವರು ಹೊರಗೆ ನಿಂತು ಮಳೆ, ಬೆಳೆ, ಮದುವೆ ಮಾತಾಡುತ್ತಿರುತ್ತಾರೆ. ಮಕ್ಕಳು ಮಾತ್ರ ಮನೆಗೆ ಹೋಗುವಂತಿಲ್ಲ. ಒಂದು ಗುಂಪು ದೇವಾಲಯದ ಬೆಂಚಿನಲ್ಲಿ, ಇನ್ನೊಂದು ಜಗುಲಿಯಲ್ಲಿ, ಜಾಗ ಸಾಲದಿದ್ದರೆ ಮತ್ತೊಂದು ಮರದ ಕೆಳಗೆ. ಒಬ್ಬ ಸಿಸ್ಟರ್, ಒಬ್ಬ ಟೀಚರಮ್ಮ, ಪಿಯುಸಿ ಓದುವ ಒಬ್ಬ ಅಕ್ಕ ಪಾಠ ಹೇಳುತ್ತಾರೆ. ಕನ್ನಡದಲ್ಲಿ ಇದು ಧರ್ಮೋಪದೇಶ. ಆಡುಮಾತಿನಲ್ಲಿ ಕ್ಯಾಟಿಕಿಸಂ. ಕರಾವಳಿಯ ಕೊಂಕಣಿ ಮನೆಗಳ ಹಿರಿಯರ ಬಾಯಲ್ಲಿ ದೊತೊರ್ನ್.

ನೋಡಲು ಇದು ಸಣ್ಣ ಸಂಗತಿ. ವಾರಕ್ಕೆ ಒಂದು ಗಂಟೆ, ಸಂಬಳವಿಲ್ಲದ ಮೇಷ್ಟ್ರು, ಹಸಿದ ಮಕ್ಕಳು. ಆದರೆ ಈ ಒಂದು ಗಂಟೆಯ ಹಿಂದೆ ನಾಲ್ಕೂವರೆ ಶತಮಾನಕ್ಕೂ ಮಿಕ್ಕಿದ ಚರಿತ್ರೆ ಇದೆ. ಅದನ್ನು ತಿರುವಿ ನೋಡಿದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಪಾಠ ಮಗುವಿನ ಮನೆಮಾತಿನಲ್ಲಿದ್ದಾಗ, ಹೇಳಿಕೊಡುವವರು ಊರಿನವರೇ ಆಗಿದ್ದಾಗ, ಅದು ಗುರುಗಳಿಲ್ಲದ ಕಾಲದಲ್ಲೂ ಉಳಿದಿದೆ.

ಗಂಟೆ ಹಿಡಿದು ಬಂದವರು

1542ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಗೋವಾಕ್ಕೆ ಬಂದಿಳಿದರು. ಅವರು ಕೈಯಲ್ಲಿ ಗಂಟೆ ಹಿಡಿದು ಬೀದಿ ಬೀದಿಯಲ್ಲಿ ಬಾರಿಸುತ್ತಾ ಮಕ್ಕಳನ್ನೂ ಆಳುಕಾಳುಗಳನ್ನೂ ಪಾಠಕ್ಕೆ ಕರೆಯುತ್ತಿದ್ದರು. ಅದೇ ವರ್ಷ ಅವರು ತಮಿಳುನಾಡಿನ ಮುತ್ತು ಮೀನುಗಾರರ ಕರಾವಳಿಗೆ ಹೋದರು. ಅಲ್ಲಿ ಅವರಿಗೆ ತೊಡಕಾಗಿದ್ದು ಭಾಷೆ. ಜನ ಕ್ರೈಸ್ತರಾಗಿ ದೀಕ್ಷೆ ಪಡೆದಿದ್ದರು, ಆದರೆ ಪ್ರಾರ್ಥನೆ ಗೊತ್ತಿರಲಿಲ್ಲ. ಹೇಳಿಕೊಡಲು ಇವರಿಗೆ ತಮಿಳು ಬರುತ್ತಿರಲಿಲ್ಲ. ಎರಡೂ ಭಾಷೆ ಬಲ್ಲ ಸ್ಥಳೀಯರನ್ನು ಕೂರಿಸಿಕೊಂಡು, ಶಿಲುಬೆಯ ಗುರುತು, ಪರಲೋಕ ಮಂತ್ರ, ನಮೋ ಮರಿಯ, ಹತ್ತು ಕಟ್ಟಳೆ ಇವನ್ನೆಲ್ಲ ತಮಿಳಿಗೆ ತಂದರು. ತಾವೇ ಬಾಯಿಪಾಠ ಮಾಡಿ ಮಕ್ಕಳಿಗೆ ಹೇಳಿಕೊಟ್ಟರು.

ಮಕ್ಕಳಿಗೆ ಅವರು ಒಂದು ಕೆಲಸವನ್ನೂ ವಹಿಸಿದರು. ಇಲ್ಲಿ ಕಲಿತದ್ದನ್ನು ಮನೆಯಲ್ಲಿ ಅಪ್ಪ ಅಮ್ಮನಿಗೆ, ನೆರೆಹೊರೆಗೆ ಹೇಳಿಕೊಡಬೇಕು. ಕಾಯಿಲೆ ಬಿದ್ದವರ ಮನೆಗೂ ಮಕ್ಕಳನ್ನೇ ಪ್ರಾರ್ಥನೆಗೆ ಕಳಿಸುತ್ತಿದ್ದರು. ಹೀಗೆ ಕಲಿಯುವ ಮಗುವೇ ಕಲಿಸುವ ಮೇಷ್ಟ್ರಾಯಿತು.

ಆ ಕಾಲದ ಅವರ ಪತ್ರಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಮಕ್ಕಳು ತಮ್ಮ ಮನೆಯವರ ಹಳೆಯ ಪೂಜೆಗಳನ್ನು ಬಂದು ದೂರು ಹೇಳುತ್ತಿದ್ದುದನ್ನು, ಮೂರ್ತಿಗಳನ್ನು ಒಡೆಯುತ್ತಿದ್ದುದನ್ನು ಅವರು ಮೆಚ್ಚಿಕೊಂಡು ಬರೆದಿದ್ದಾರೆ. ಇವತ್ತು ಓದಿದರೆ ಮನಸ್ಸಿಗೆ ಇರಿಸುಮುರಿಸಾಗುತ್ತದೆ. ಚರಿತ್ರೆ ಬರೆಯುವಾಗ ಗಂಟೆಯ ನಾದ ಹೇಳಿ ಇದನ್ನು ಮುಚ್ಚಿಡುವುದು ಸರಿಯಲ್ಲ. ನೆರೆಯವರ ದೇವರನ್ನು ಗೌರವಿಸಲು ಕಲಿಸುವ ಇಂದಿನ ತರಗತಿ ಅಲ್ಲಿಂದ ಬಹಳ ದೂರ ನಡೆದು ಬಂದಿದೆ.

ಮೊದಲು ಅಚ್ಚಾದದ್ದು ಪ್ರಾರ್ಥನೆಯ ಪುಸ್ತಕ

ಯುರೋಪಿನಲ್ಲೂ ಆಗ ಇದೇ ಯೋಚನೆ ನಡೆದಿತ್ತು. ಟ್ರೆಂಟ್ ಎಂಬ ಊರಿನಲ್ಲಿ ಸೇರಿದ್ದ ಧರ್ಮಸಭೆಯ ಮಹಾಸಭೆ 1563ರಲ್ಲಿ ಒಂದು ಕಟ್ಟಳೆ ಮಾಡಿತು. ಪ್ರತಿ ಧರ್ಮಕೇಂದ್ರದಲ್ಲೂ ಭಾನುವಾರ ಮತ್ತು ಹಬ್ಬದ ದಿನ ಮಕ್ಕಳಿಗೆ ಧರ್ಮಪಾಠ ಹೇಳಲೇಬೇಕು ಎಂಬುದು ಆ ಕಟ್ಟಳೆ. ನಮ್ಮ ಭಾನುವಾರದ ತರಗತಿಯ ಬೇರು ಇಲ್ಲಿದೆ.

ಅದಾಗಿ ಹದಿನೈದು ವರ್ಷಕ್ಕೆ, 1578ರಲ್ಲಿ, ಕೇರಳದ ಕೊಲ್ಲಂನಲ್ಲಿ 16 ಪುಟದ ಒಂದು ಪುಸ್ತಿಕೆ ಅಚ್ಚಾಯಿತು. ಹೆಸರು 'ತಂಬಿರಾನ್ ವಣಕ್ಕಂ'. ತಮಿಳು ಅಕ್ಷರದಲ್ಲಿ ಅದನ್ನು ಸಿದ್ಧಮಾಡಿದವರು ಪೋರ್ಚುಗಲ್‌ನ ಪಾದ್ರಿ ಹೆನ್ರಿಕ್ ಹೆನ್ರಿಕ್ಸ್. ಭಾರತದ ಲಿಪಿಯೊಂದರಲ್ಲಿ ಭಾರತದಲ್ಲೇ ಅಚ್ಚಾದ ಮೊದಲ ಪುಸ್ತಕ ಇದು. ರಾಜರ ಕಥೆಯಲ್ಲ, ಕಾನೂನಿನ ಪುಸ್ತಕವಲ್ಲ, ಪ್ರಾರ್ಥನೆ ಮತ್ತು ಧರ್ಮಪಾಠ ಕಲಿಸುವ ಕಿರುಹೊತ್ತಿಗೆ.

ಗೋವಾದಲ್ಲಿ ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್ ಇದೇ ದಾರಿ ಹಿಡಿದರು. 1579ರಲ್ಲಿ ಬಂದ ಅವರು ಜನರ ಮಾತು ಕಲಿತು 'ಕ್ರಿಸ್ತಪುರಾಣ' ಬರೆದರು. ಕೊಂಕಣಿಯಲ್ಲಿ ಪ್ರಶ್ನೋತ್ತರ ರೂಪದ ಧರ್ಮಪಾಠವನ್ನೂ ಬರೆದರು. ಅದು ಅಚ್ಚಾಗಿ ಬಂದದ್ದು 1622ರಲ್ಲಿ. ಬರೆದವರು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

ಆದರೆ ಅದೇ ಗೋವಾದಲ್ಲಿ ಗಾಳಿ ತಿರುಗಿತು. 1684ರಲ್ಲಿ ಪೋರ್ಚುಗೀಸ್ ವೈಸ್‌ರಾಯ್, ಜನ ಮೂರು ವರ್ಷದೊಳಗೆ ತಮ್ಮ ಮಾತು ಬಿಟ್ಟು ಪೋರ್ಚುಗೀಸ್ ಕಲಿಯಬೇಕೆಂದು ಆಜ್ಞೆ ಹೊರಡಿಸಿದ. ವೈಸ್‌ರಾಯರ ಆಳ್ವಿಕೆ ಹೋಗಿದೆ, ಕೊಂಕಣಿ ಇದೆ. ಅಲ್ಲಿಂದ ಕೆನರಾ ಕಡೆಗೆ ವಲಸೆ ಬಂದ ಕುಟುಂಬಗಳು ಪ್ರಾರ್ಥನೆಯನ್ನು ಆ ಮಾತಿನಲ್ಲೇ ಹೊತ್ತು ತಂದವು.

ಶ್ರೀರಂಗಪಟ್ಟಣದ ಕನ್ನಡ ಪಾಠ

ಇನ್ನು ಕನ್ನಡದ ವಿಷಯ. ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ 1648ರ ಹೊತ್ತಿಗೆ ಗೋವಾದಿಂದ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದರು. ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಕನ್ನಡ ಕಲಿಯುವುದು. ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕ, ಸಂತರ ಚರಿತ್ರೆ, ಜೊತೆಗೆ ಕನ್ನಡ ವ್ಯಾಕರಣ ಮತ್ತು ಶಬ್ದಕೋಶವನ್ನೂ ಅವರು ಬರೆದರು. ಕನ್ನಡಕ್ಕೆ ಅಚ್ಚಿನ ಮೊಳೆ ಬರಲು 19ನೇ ಶತಮಾನದವರೆಗೆ ಕಾಯಬೇಕಾಯಿತು. ಹಾಗಾಗಿ ಆಗಿನ ಪಾಠವೆಲ್ಲ ಕೈಬರಹ ಮತ್ತು ಬಾಯಿಪಾಠ.

ಒಬ್ಬ ಪಾದ್ರಿಗೆ ಹತ್ತಾರು ಹಳ್ಳಿ. ಕುದುರೆ ಮೇಲೋ ಕಾಲ್ನಡಿಗೆಯಲ್ಲೋ ಅವರು ಒಂದೂರಿಗೆ ವರ್ಷಕ್ಕೆ ಕೆಲವು ಸಲ ಬಂದರೆ ಹೆಚ್ಚು. ಉಳಿದ ದಿನ ಊರಿನ ಕ್ರೈಸ್ತರನ್ನು ನೋಡಿಕೊಂಡವರು ಉಪದೇಶಿ. ಉಪದೇಶಿ ಅಂದರೆ ಪಾದ್ರಿಯಲ್ಲ, ಹೆಂಡತಿ ಮಕ್ಕಳಿರುವ ಗೃಹಸ್ಥ. ಭಾನುವಾರ ಜನ ಸೇರಿಸಿ ಜಪ ಹೇಳಿಸುವುದು, ಮಕ್ಕಳಿಗೆ ಪಾಠ ಹೇಳುವುದು, ಸಾಯುವ ಸ್ಥಿತಿಯ ಕೂಸಿಗೆ ದೀಕ್ಷೆ ಕೊಡುವುದು, ಸತ್ತವರನ್ನು ಮಣ್ಣು ಮಾಡಿಸುವುದು ಎಲ್ಲವೂ ಅವನ ಪಾಲಿಗೆ. ಗುರುಗಳ ಹೆಸರು ದಾಖಲೆಯಲ್ಲಿ ಉಳಿಯಿತು. ಉಪದೇಶಿಗಳ ಹೆಸರು ಹೆಚ್ಚಾಗಿ ಉಳಿಯಲಿಲ್ಲ.

ಈ ಏರ್ಪಾಡಿನ ಗಟ್ಟಿತನ ಪರೀಕ್ಷೆಗೆ ಬಂದ ಕಾಲವೂ ಇದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಇಗರ್ಜಿಗಳು ನೆಲಸಮವಾದವು, ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು. ಎಷ್ಟು ಜನ ಹೋದರು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ದಾರಿಯಲ್ಲೇ ಸತ್ತವರು, ಸೆರೆಯಲ್ಲಿ ಸತ್ತವರು, ಬಲವಂತಕ್ಕೆ ಮತ ಬಿಟ್ಟವರು ಬಹಳ. ಸೆರೆ ಮುಗಿದದ್ದು 1799ರಲ್ಲಿ. ಹದಿನೈದು ವರ್ಷ ಅಂದರೆ ಒಂದು ಮಗು ಹುಟ್ಟಿ ಮೀಸೆ ಮೂಡುವಷ್ಟು ಕಾಲ. ಬದುಕಿ ಊರಿಗೆ ಮರಳಿದವರು ಮತ್ತೆ ಇಗರ್ಜಿ ಕಟ್ಟಿದರು. ಪುಸ್ತಕವಿಲ್ಲದೆ, ಗುರುಗಳಿಲ್ಲದೆ ಆ ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದವರು ಯಾರು? ಅಮ್ಮ, ಅಜ್ಜಿ, ಜೊತೆಗಿದ್ದ ಹಿರಿಯರು. ಬೇರೆ ಯಾರೂ ಅಲ್ಲಿ ಇರಲಿಲ್ಲ.

ಕರಾವಳಿಯ ಮನೆಗಳಲ್ಲಿ ಸಂಜೆ ದೀಪ ಹಚ್ಚಿ ತೇರ್ಸ್, ಅಂದರೆ ಜಪಸರ, ಮುಗಿಸಿ, ಮಕ್ಕಳು ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಎಂಬ ಆಶೀರ್ವಾದ ಕೇಳುವ ರೂಢಿ ಇದೆ. ಅದನ್ನು ಬರೀ ಸಂಪ್ರದಾಯ ಎಂದುಕೊಂಡರೆ ಕಡಿಮೆಯಾಯಿತು. ಅದೂ ಒಂದು ತರಗತಿಯೇ.

ಪೂಜೆ ಲ್ಯಾಟಿನ್, ಪಾಠ ಮನೆಮಾತು

1799ರ ಬಳಿಕ ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬುವಾ ಮೈಸೂರು ಸೀಮೆಯಲ್ಲಿ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಅವರ ನಂತರವೂ ಫ್ರೆಂಚ್ ಮಿಷನರಿಗಳು ಇಲ್ಲಿ ಕೆಲಸ ಮಾಡಿದರು. 1855ರಲ್ಲಿ ಬೆಂಗಳೂರಿನಲ್ಲಿ ಕನ್ನಡ-ಲ್ಯಾಟಿನ್ ನಿಘಂಟು ಅಚ್ಚಾಯಿತು. ಮಂಗಳೂರಿಗೆ 1878ರ ಕೊನೆಯ ದಿನ ಇಟಲಿಯ ಜೆಸ್ವಿಟರು ಬಂದರು. ಅವರಲ್ಲಿ ಒಬ್ಬರಾದ ಆಂಜೆಲೊ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣ, ಮರುವರ್ಷ ನಿಘಂಟು ಹೊರತಂದರು. ಕನ್ನಡ ಅಕ್ಷರದಲ್ಲಿ ಕೊಂಕಣಿ ಅಚ್ಚಾಗುವುದು ಇಲ್ಲಿ ರೂಢಿಯಾಯಿತು. ಮಗು ಶಾಲೆಯಲ್ಲಿ ಕಲಿತ ಅಕ್ಷರದಲ್ಲೇ ಮನೆಮಾತಿನ ಪ್ರಾರ್ಥನೆ ಓದಬಹುದಿತ್ತು.

ಆಗ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್‌ನಲ್ಲಿ. ರೈತನ ಮಗುವಿಗೆ ಪೀಠದ ಮೇಲಿನ ಮಾತು ಅರ್ಥವಾಗುತ್ತಿರಲಿಲ್ಲ. ಪೂಜೆಯ ನಡುವಿನ ಪ್ರಸಂಗ ಬಿಟ್ಟರೆ, ದೇವರ ವಿಷಯ ತನಗೆ ತಿಳಿಯುವ ಮಾತಿನಲ್ಲಿ ಕಿವಿಗೆ ಬೀಳುತ್ತಿದ್ದುದು ಈ ತರಗತಿಯಲ್ಲಿ. ಕಲಿಕೆ ಮಾತ್ರ ಪೂರ್ತಿ ಗಿಳಿಪಾಠ. ಪ್ರಶ್ನೆಗೆ ಪುಸ್ತಕದ ಉತ್ತರವನ್ನೇ ಅಕ್ಷರ ತಪ್ಪದೆ ಒಪ್ಪಿಸಬೇಕು.

ಪೋಪ್ ಹತ್ತನೇ ಪಿಯುಸ್ ಎರಡು ದೊಡ್ಡ ಬದಲಾವಣೆ ತಂದರು. 1905ರಲ್ಲಿ, ಎಲ್ಲ ಧರ್ಮಕೇಂದ್ರಗಳಲ್ಲಿ ಭಾನುವಾರ ಒಂದು ಗಂಟೆ ಮಕ್ಕಳಿಗೆ ಪಾಠ ಇರಲೇಬೇಕೆಂದು ಮತ್ತೆ ಗಟ್ಟಿಯಾಗಿ ಹೇಳಿದರು. ಗುರುಗಳಿಗೆ ನೆರವಾಗಲು ಗೃಹಸ್ಥರ ಸಂಘ ಕಟ್ಟಬೇಕೆಂದೂ ಸೂಚಿಸಿದರು. 1910ರಲ್ಲಿ ಪ್ರಥಮ ಪರಮಪ್ರಸಾದದ ವಯಸ್ಸನ್ನು ಇಳಿಸಿದರು. ಅದುವರೆಗೆ ಮಕ್ಕಳು ಹತ್ತು, ಹನ್ನೆರಡು ವರ್ಷದವರೆಗೆ ಕಾಯಬೇಕಿತ್ತು. ಪರಮಪ್ರಸಾದಕ್ಕೂ ಸಾಮಾನ್ಯ ರೊಟ್ಟಿಗೂ ಇರುವ ವ್ಯತ್ಯಾಸ ತಿಳಿಯುವ ಬುದ್ಧಿ ಬಂದರೆ ಸಾಕು, ಅದು ಸುಮಾರು ಏಳು ವರ್ಷ ಎಂದರು. ಬಿಳಿ ಫ್ರಾಕು, ಕೈಯಲ್ಲಿ ಮೇಣದಬತ್ತಿ ಹಿಡಿದ ಪುಟ್ಟ ಮಕ್ಕಳ ಫೋಟೊ ಇವತ್ತು ಎಷ್ಟೋ ಮನೆಯ ಗೋಡೆ ಮೇಲಿರಲು ಇದೇ ಕಾರಣ.

ಶಾಲೆಯಲ್ಲಿ ಯಾಕಿಲ್ಲ?

ಇದನ್ನೆಲ್ಲ ಶಾಲೆಯಲ್ಲೇ ಕಲಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನಮ್ಮ ಸಂವಿಧಾನದ 28ನೇ ವಿಧಿ ಇದಕ್ಕೆ ಉತ್ತರ ಕೊಡುತ್ತದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಇರುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಗಳಲ್ಲಿ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಗುವನ್ನು ಅಂಥ ಪಾಠಕ್ಕೆ ಕೂರಿಸುವಂತಿಲ್ಲ. ಇದು ಎಲ್ಲ ಮತದ ಮಕ್ಕಳಿಗೂ ರಕ್ಷಣೆ. ಹಳ್ಳಿಯ ಸರ್ಕಾರಿ ಶಾಲೆಗೆ ಹೋಗುವ ಕಥೋಲಿಕ ಮಗುವಿಗೆ ಧರ್ಮಪಾಠದ ಜಾಗ ಮನೆ, ಇಲ್ಲವೇ ಭಾನುವಾರದ ಚರ್ಚಿನ ಜಗುಲಿ.

ಗಿಳಿಪಾಠದಿಂದ ಕಥೆಗೆ

1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕನ್ನಡಕ್ಕೆ, ಕೊಂಕಣಿಗೆ, ತಮಿಳಿಗೆ ಬಂತು. ಪಾಠದ ಬಗೆಯೂ ಬದಲಾಯಿತು. ಬೆಂಗಳೂರಿನಲ್ಲಿ 1960ರ ದಶಕದಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಗಾಗಿ ಒಂದು ರಾಷ್ಟ್ರೀಯ ಕೇಂದ್ರ ಶುರುವಾಯಿತು. ಅದರ ಮೊದಲ ನಿರ್ದೇಶಕರು ಡಿ.ಎಸ್. ಅಮಲೋರ್‌ಪವದಾಸ್. ಮಗುವಿನ ಬದುಕಿನಿಂದ ಪಾಠ ಶುರುವಾಗಬೇಕು, ಈ ನೆಲದ ಸಂಸ್ಕೃತಿಯಲ್ಲಿ ನಂಬಿಕೆ ಬೇರೂರಬೇಕು ಎಂಬುದು ಅವರ ನಿಲುವು. ಮುಂದೆ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನಕ್ಕೆ ನೆಲೆ ಕೊಟ್ಟರು, ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಪ್ರಶ್ನೋತ್ತರದ ಪಕ್ಕದಲ್ಲಿ ಈಗ ಬೈಬಲ್ ಕಥೆ, ಹಾಡು, ಚಿತ್ರ, ಕಿರುನಾಟಕಕ್ಕೂ ಜಾಗವಾಗಿದೆ.

2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಧರ್ಮೋಪದೇಶಕರ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆ ಎಂದು ಸ್ಥಾಪಿಸಿದರು. ಗೃಹಸ್ಥರು, ಹೆಂಗಸರು ಗಂಡಸರು ಯಾರೇ ಆಗಲಿ, ಇದನ್ನು ವಿಧಿವತ್ತಾಗಿ ಪಡೆಯಬಹುದು. ಶತಮಾನಗಳಿಂದ ಹೆಸರಿಲ್ಲದೆ ದುಡಿದ ಉಪದೇಶಿಗೆ ರೋಮ್‌ನಲ್ಲಿ ಒಂದು ಕುರ್ಚಿ ಸಿಕ್ಕಿತು ಅನ್ನಬಹುದು.

ಈಗಿನ ತೊಡಕು

ಇಷ್ಟು ದೂರ ಬಂದ ತರಗತಿಗೆ ಇವತ್ತು ಎದುರಾಗಿರುವುದು ಹಳೆಯ ಪ್ರಶ್ನೆಯೇ: ಯಾವ ಮಾತಿನಲ್ಲಿ? ಮನೆಯಲ್ಲಿ ಕನ್ನಡವೋ ಕೊಂಕಣಿಯೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷ್. ಕೊಂಕಣಿ ಆಡುವ ಮಗುವಿಗೆ ಕನ್ನಡ ಅಕ್ಷರದ ಪ್ರಾರ್ಥನೆ ಪುಸ್ತಕ ಓದಲು ತಡವರಿಕೆ. ಇಂಗ್ಲಿಷ್‌ನಲ್ಲಿ ಕಲಿತ ಪ್ರಾರ್ಥನೆ ಅಜ್ಜಿಗೆ ತಿಳಿಯದು. ಅಲ್ಲಿಗೆ ಮನೆಯ ತರಗತಿ ಮುಚ್ಚಿದಂತೆ. ಕಲಿತದ್ದನ್ನು ಮನೆಗೆ ಹೋಗಿ ಹೇಳು ಎಂದು 1540ರ ದಶಕದಲ್ಲಿ ಮಕ್ಕಳಿಗೆ ವಹಿಸಿದ ಕೆಲಸ ನಡೆಯಬೇಕಾದರೆ ಮಗು ಮತ್ತು ಮನೆಯವರ ಮಾತು ಒಂದಾಗಿರಬೇಕು.

ಎರಡನೆಯ ಪ್ರಶ್ನೆ, ಯಾರು ಹೇಳಿಕೊಡಬೇಕು? ಭಾನುವಾರವೂ ಟ್ಯೂಷನ್, ಕ್ರಿಕೆಟ್. ಪಾಠ ಹೇಳುತ್ತಿದ್ದ ಯುವಕ ಯುವತಿಯರು ಕೆಲಸ ಹುಡುಕಿ ಪೇಟೆ ಸೇರಿದ್ದಾರೆ. ಸಿಸ್ಟರ್ ಒಬ್ಬರೇ ಎಷ್ಟು ತರಗತಿ ನೋಡಿಯಾರು?

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ನಿಮ್ಮೂರಲ್ಲಿ ಹಳೆಯ ಉಪದೇಶಿಯೊಬ್ಬರು ಇದ್ದರೆ, ಅವರ ಮನೆಯಲ್ಲಿ ಕೈಬರಹದ ಪುಸ್ತಕ ಇದ್ದರೆ, ಹಳೆಯ ಪ್ರಾರ್ಥನೆ ಬಾಯಲ್ಲಿರುವ ಅಜ್ಜಿ ಇದ್ದರೆ, ಈ ವಾರವೇ ಹೋಗಿ ಕೂತು ಮಾತಾಡಿಸಿ. ಒಪ್ಪಿದರೆ ನಿಮ್ಮ ಕೈಯಲ್ಲಿರುವ ಇದೇ ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ, ಪುಟಗಳ ಫೋಟೊ ತೆಗೆಯಿರಿ. ಅವರ ಹೆಸರು, ಊರು, ಎಷ್ಟು ವರ್ಷ ಪಾಠ ಹೇಳಿದರು ಎಂಬುದನ್ನು ಬರೆದಿಡಿ. ಪಾದ್ರಿಗಳ ಹೆಸರು ಚರ್ಚಿನ ಕಲ್ಲಿನ ಮೇಲೆ ಇದೆ. ಮಕ್ಕಳಿಗೆ ಮೊದಲ ಪ್ರಾರ್ಥನೆ ಹೇಳಿಕೊಟ್ಟವರ ಹೆಸರು ಬರೆಯುವ ಕೆಲಸ ಇನ್ನೂ ಬಾಕಿ ಇದೆ.