ಮಾತಿಲ್ಲದ ಒಂದು ಉಪನ್ಯಾಸ

ಮಾತನ್ನೇ ನಂಬಿರುವ ಆಕಾಶವಾಣಿಯಲ್ಲಿ, ಮಾತೇ ಇಲ್ಲದ ಉಪನ್ಯಾಸವೊಂದರ ಕಥೆಯನ್ನು ಹೇಳಹೊರಟಿದ್ದೇನೆ. ಅದರ ನಾಯಕ ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆ: 147,573,952,589,676,412,927. ನೋಟಕ್ಕೆ ಭಯಂಕರ, ಹುಟ್ಟು ಮಾತ್ರ ಸರಳ. ಎರಡನ್ನು ಅರವತ್ತೇಳು ಸಲ ಬರೆದು ಒಟ್ಟಿಗೆ ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಇದು ದೊರೆಯುತ್ತದೆ.

ಇಂಥ ಸಂಖ್ಯೆಗಳ ಕುತೂಹಲ ಯೂಕ್ಲಿಡನಷ್ಟು ಹಳೆಯದು. 6ನ್ನು ನಿಶ್ಶೇಷವಾಗಿ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳು 1, 2 ಮತ್ತು 3. ಅವುಗಳ ಮೊತ್ತವೂ 6. ಇಂಥವನ್ನು ಗ್ರೀಕರು ಪರಿಪೂರ್ಣ ಸಂಖ್ಯೆಗಳೆಂದು ಕರೆದರು. ಎರಡರ ಘಾತವೊಂದರಲ್ಲಿ ಒಂದನ್ನು ಕಳೆದಾಗ ಉಳಿದುದು ಅವಿಭಾಜ್ಯವಾದರೆ, ಅದರಿಂದ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆಂದು ಯೂಕ್ಲಿಡ್ ಸಾಧಿಸಿ ತೋರಿಸಿದ್ದನು. ಯಾವ ಯಾವ ಘಾತಗಳಿಗೆ ಹೀಗಾಗುತ್ತದೆ? 1644ರಲ್ಲಿ ಪ್ಯಾರಿಸಿನ ಸಂನ್ಯಾಸಿ ಮರೆನ್ ಮೆರ್ಸೆನ್ 257ರವರೆಗಿನ ಒಂದು ಪಟ್ಟಿಯನ್ನು ಪ್ರಕಟಿಸಿದನು. ಅದರಲ್ಲಿ 67 ಇತ್ತು, ಸಾಧನೆ ಇರಲಿಲ್ಲ. ಹೇಳಿದವನು ದೊಡ್ಡವನು, ಪರೀಕ್ಷಿಸುವ ಉಪಾಯ ಯಾರಲ್ಲಿಯೂ ಇಲ್ಲ. ನಮ್ಮ ಸಂಖ್ಯೆ ಎರಡು ಶತಮಾನಗಳಿಗೂ ಮಿಕ್ಕಿ ಅವಿಭಾಜ್ಯವೆಂಬ ಗೌರವವನ್ನು ಅನುಭವಿಸಿತು.

1876ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ಆ ಗೌರವವನ್ನು ಕಿತ್ತುಕೊಂಡನು. ಅಪವರ್ತನಗಳನ್ನು ಕಾಣದೆಯೇ, ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಿಳಿಸುವ ವಿಧಾನವೊಂದನ್ನು ಅವನು ಕಂಡುಕೊಂಡಿದ್ದನು. ಸಂಖ್ಯೆ ಒಡೆಯುತ್ತದೆಂಬುದು ನಿಶ್ಚಯವಾಯಿತು. ಎಲ್ಲಿ ಒಡೆಯುತ್ತದೆಂಬುದು ಮಾತ್ರ ಗುಟ್ಟಾಗಿಯೇ ಉಳಿಯಿತು.

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ ಸೇರಿತ್ತು. ಕೊಲಂಬಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಅವರ ಸರದಿ ಬಂದಿತು. ಪ್ರಸಿದ್ಧವಾದ ಕಥೆಯ ಪ್ರಕಾರ, ಅವರು ತುಟಿ ಬಿಚ್ಚದೆ ಕರಿಹಲಗೆಯ ಬಳಿಗೆ ಹೋಗಿ, ಎರಡರ ಅರವತ್ತೇಳನೆಯ ಘಾತವನ್ನು ಲೆಕ್ಕಹಾಕಿ ಒಂದನ್ನು ಕಳೆದರು. ಆಮೇಲೆ ಪಕ್ಕದಲ್ಲಿ 193,707,721 ಮತ್ತು 761,838,257,287 ಎಂದು ಬರೆದು, ಶಾಲೆಯ ಹುಡುಗರಂತೆ ಸಾಲು ಸಾಲಾಗಿ ಗುಣಿಸಿದರು. ಎರಡು ಉತ್ತರಗಳೂ ಒಂದೇ. ಕೋಲ್ ಹೋಗಿ ಕುಳಿತರು. ಸಭೆ ಕರತಾಡನ ಮಾಡಿತು.

ಈ ಮೌನದ ಹಿಂದಿನ ದುಡಿಮೆ ಎಷ್ಟು? ಈ ಸಂಖ್ಯೆಯನ್ನು ಭಾಗಿಸುವ ಯಾವ ಸಂಖ್ಯೆಯನ್ನಾದರೂ 134ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಈ ಜರಡಿ ಹಿಡಿದರೂ, ಒಂದನ್ನು ಬಿಟ್ಟು ಎಣಿಸಿದಾಗ ಚಿಕ್ಕ ಅಪವರ್ತನ ಆ ಸಾಲಿನಲ್ಲಿ 14,45,580ನೆಯದು. ಒಂದೊಂದನ್ನೇ ಭಾಗಿಸಿ ನೋಡುವುದು ಮನುಷ್ಯನಿಗೆ ಆಗದ ಮಾತು. ಕೋಲ್ ವರ್ಗಶೇಷಗಳ ಸಿದ್ಧಾಂತದ ನೆರವಿನಿಂದ ಹುಡುಕಾಟದ ಬಯಲನ್ನು ಕಿರಿದುಗೊಳಿಸುತ್ತ ಬಂದರು. ಎಷ್ಟು ಕಾಲ ಹಿಡಿಯಿತೆಂದು ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದರಂತೆ. ಇದನ್ನು ದಾಖಲಿಸಿದವರು ಎರಿಕ್ ಟೆಂಪಲ್ ಬೆಲ್, 1951ರ ತಮ್ಮ ಗ್ರಂಥದಲ್ಲಿ. ಬೆಲ್ ರಸವತ್ತಾಗಿ ಕಥೆ ಹೇಳುವ ಲೇಖಕರು. ಆದಕಾರಣ ಭಾನುವಾರಗಳ ಎಣಿಕೆಯನ್ನೂ ಸಭೆಯ ಕರತಾಡನವನ್ನೂ ಸ್ವಲ್ಪ ಎಚ್ಚರದಿಂದಲೇ ಸ್ವೀಕರಿಸಬೇಕು. ಗುಣಾಕಾರಕ್ಕೆ ಅಂಥ ಎಚ್ಚರ ಬೇಕಿಲ್ಲ. ಕಾಗದ, ಪೆನ್ಸಿಲು, ಒಂದು ಸಂಜೆಯ ಬಿಡುವು ಇದ್ದರೆ ಯಾರೂ ತಾಳೆ ನೋಡಬಹುದು.

ಮೆರ್ಸೆನ್‌ನ ಪಟ್ಟಿಯಲ್ಲಿ 67ರಂತೆಯೇ 257 ಕೂಡ ತಪ್ಪೆಂದೂ, ಇರಬೇಕಾಗಿದ್ದ 61, 89, 107 ಬಿಟ್ಟುಹೋಗಿದ್ದವೆಂದೂ ಮುಂದೆ ಸ್ಥಿರಪಟ್ಟಿತು. 1947ರ ಹೊತ್ತಿಗೆ ಪರಿಶೀಲನೆ ಪೂರ್ಣವಾಯಿತು. ಕೋಲರ ಸಂಖ್ಯೆಯನ್ನು ಇಂದಿನ ಕಂಪ್ಯೂಟರು ಕ್ಷಣಾರ್ಧದಲ್ಲಿ ಒಡೆಯುತ್ತದೆ. ಆದರೆ ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಅಂತರ ಇನ್ನೂ ಅಳಿದಿಲ್ಲ. ಅದನ್ನೇ ಆಧರಿಸಿ 1977ರಲ್ಲಿ ಗುಪ್ತಲಿಪಿಯ ಒಂದು ಪದ್ಧತಿ ರೂಪುಗೊಂಡಿತು. ನೂರಾರು ಅಂಕಿಗಳ ಸಂಖ್ಯೆಗಳು ಅದರಲ್ಲಿ ಬೀಗದ ಕೆಲಸ ಮಾಡುತ್ತವೆ. ಅಂದು ಕರಿಹಲಗೆಯ ಮೇಲೆ ಕೆಲವು ನಿಮಿಷಗಳಲ್ಲಿ ಮುಗಿದ ಗುಣಾಕಾರಕ್ಕೂ ಅದರ ಹಿಂದಿದ್ದ ಭಾನುವಾರಗಳಿಗೂ ನಡುವೆ ಇದ್ದ ಅಂತರವೇ ಇದು.