ಮೊದಲು ಗೋಡು, ಆಮೇಲೆ ಪಂಪು

ಕೆರೆ ಕಟ್ಟಿಸಿದರೆ ಸಾಲದು, ಹೂಳೂ ತೆಗೆಸಬೇಕೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕೆರೆಯ ಪಾಲನೆಗೆಂದೇ ಬಿತ್ತುವಟ್ಟ ಬಿಟ್ಟದ್ದನ್ನು ಶಾಸನಗಳು ಹೇಳುತ್ತವೆ. ಬೇಸಗೆಯಲ್ಲಿ ಗೋಡು ಗಾಡಿ ಹತ್ತಿ ಹೊಲ ಸೇರುತ್ತಿತ್ತು. ಕೆರೆಗೆ ತಿಳಿನೀರು, ಹೊಲಕ್ಕೆ ಗೊಬ್ಬರ.

ನೀರೆತ್ತಲು ಏತ, ಕಪಿಲೆ ಇದ್ದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹರಿಯಿತು. ರೈತನ ಬಾವಿಗೆ ಬಂದದ್ದು ತಡವಾಗಿ. ಪಂಪು ಬಂತು, ಗೋಡು ಮರೆತುಹೋಯಿತು!

ಕಪಿಲೆಯ ತೊಗಲಿನ ಚೀಲ ಕೆಸರುನೀರನ್ನೂ ಎತ್ತೀತು. ಪಂಪಿನ ಒಳಚಕ್ರವನ್ನು ಮರಳು ಸವೆಸುತ್ತದೆ. ಆದ್ದರಿಂದ ಮೊದಲು ಹೂಳು ತೆಗೆಯಿರಿ. ದಡದ ಪಂಪಾದರೆ ನೀರಿನ ಮಟ್ಟದಿಂದ 20 ಅಡಿಯೊಳಗೆ ಕೂರಿಸಿ. ಹೀರುಕೊಳವೆಯ ಬಾಯಿಗೆ ಜಾಲರಿ ಕಟ್ಟಿ, ಕೆಸರಿಗೆ ತಾಗದಂತೆ ಮೇಲಿಡಿ. ಕೆರೆ ತುಂಬ ಹೂಳಿದ್ದರೆ ಎಷ್ಟು ಕುದುರೆಶಕ್ತಿ ಕೊಂಡರೇನು, ಎತ್ತಲು ನೀರೆಲ್ಲಿ?