ಕೌದಳ್ಳಿ ಪರಿಸರ ಮತ್ತು ಪುರಾತತ್ತ್ವದ ಪ್ರಾಯೋಗಿಕ ಶಿಕ್ಷಣ

ಕೊಳ್ಳೇಗಾಲದಿಂದ ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೆ ಸಾಗುವ ದಾರಿಯಲ್ಲಿರುವ ಕೌದಳ್ಳಿಯು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ ಸೀಮೆಯಲ್ಲಿತ್ತು. ಆದಕಾರಣ ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನಕ್ಕಾಗಿ ಸಿದ್ಧಪಡಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನೆರೆಯ ಯಳಂದೂರು ಸೇರಿದರೂ ಕೊಳ್ಳೇಗಾಲ ಸೀಮೆ ಹೊರಗುಳಿಯಿತು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯು ಶಾಸನಗಳ ಮಟ್ಟಿಗೆ ಈ ಕೊರತೆಯನ್ನು ತುಂಬಿತು. ಆದರೆ ಅಕ್ಷರವಿಲ್ಲದ ಅವಶೇಷಗಳ ಉಳಿವು ಇಂದಿಗೂ ಊರವರ ಅರಿವನ್ನೇ ಅವಲಂಬಿಸಿದೆ. ಶಾಲಾ ಮಕ್ಕಳಿಗೆ ಪುರಾತತ್ತ್ವದ ಪ್ರಾಯೋಗಿಕ ಶಿಕ್ಷಣ ಅಗತ್ಯವೆನಿಸುವುದು ಈ ಕಾರಣದಿಂದ.

ಪ್ರಾಯೋಗಿಕ ಶಿಕ್ಷಣವೆಂದರೆ ಪ್ರಾಚೀನ ನೆಲೆಯನ್ನು ಮಕ್ಕಳಿಂದ ಅಗೆಸುವುದಲ್ಲ. ಒಮ್ಮೆ ಅಗೆದ ಸ್ತರವನ್ನು ಮತ್ತೆ ಮೊದಲಿನಂತೆ ಮಾಡಲಾಗದು. 1959-65ರ ಅವಧಿಯಲ್ಲಿ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಟಿ. ನರಸೀಪುರದಲ್ಲಿ ನಡೆದ ಉತ್ಖನನದಿಂದ ನವಶಿಲಾಯುಗದ ನೆಲೆ ಬೆಳಕಿಗೆ ಬಂದಿತು. ಅಲ್ಲಿಯ ಸುಟ್ಟ ಮಣ್ಣಿನ ತಲೆದಿಂಬು ವಿದ್ವಾಂಸರ ಗಮನ ಸೆಳೆದಿದೆ. ಇಂತಹ ವಸ್ತು ಯಾವ ಸ್ತರದಲ್ಲಿ, ಯಾವುದರ ಪಕ್ಕದಲ್ಲಿ ದೊರೆಯಿತೆಂಬುದು ದಾಖಲಾಗದಿದ್ದರೆ ಅದು ಕೇವಲ ಮಣ್ಣಿನ ಸಾಮಾನಾಗುತ್ತದೆ.

ಈ ತತ್ತ್ವವನ್ನು ಶಾಲೆಯ ಅಂಗಳದಲ್ಲಿಯೇ ಕಲಿಸಬಹುದು. ಗುಂಡಿಯೊಂದರಲ್ಲಿ ಮರಳು, ಬೂದಿ, ಕೆಮ್ಮಣ್ಣುಗಳನ್ನು ಪದರಪದರವಾಗಿ ಹಾಕಿ, ಒಡೆದ ಹೊಸ ಮಡಕೆಯ ಚೂರುಗಳನ್ನು ಹುದುಗಿಸಬೇಕು. ಮಕ್ಕಳು ಮೇಲೆ ದಾರದಿಂದ ಚೌಕಗಳನ್ನು ಕಟ್ಟಿ, ಪ್ರತಿ ಚೂರಿನ ಆಳವನ್ನು ಅಳೆದು ಬರೆದು, ಕೊನೆಯಲ್ಲಿ ಮಡಕೆಯನ್ನು ಜೋಡಿಸಬೇಕು. ಊರಿನಲ್ಲಿ ಕಾಣುವ ನಿಜವಾದ ಅವಶೇಷಗಳನ್ನಾದರೋ ಕದಲಿಸದೆ, ಇದ್ದಲ್ಲಿಯೇ ಅಳೆದು, ಚಿತ್ರ ಬರೆದು, ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.

ನಿಧಿಯ ಆಸೆಗೆ ಪ್ರಾಚೀನ ನೆಲೆಗಳನ್ನು ಅಗೆಯುವುದನ್ನು 1961ರ ರಾಜ್ಯ ಅಧಿನಿಯಮದಂತಹ ಕಾನೂನುಗಳಷ್ಟರಿಂದಲೇ ತಡೆಯಲಾಗದು. ಮಡಕೆಚೂರಿನ ಬೆಲೆ ಅದು ಇದ್ದ ಸ್ಥಳದಲ್ಲಿದೆಯೆಂದು ತಿಳಿದ ಮಕ್ಕಳೇ ಆ ನೆಲೆಗಳಿಗೆ ಕಾವಲಾಗಬಲ್ಲರು.